ಮನೆ ಅವನದು, ನೆಲ ನನ್ನದು

ನ್ಯಾಯಾಧೀಶೆಗೆ ಇನ್ನೂ ಮೂವತ್ತೈದು ದಾಟಿರಲಿಲ್ಲ. ಉಗುರಿಗೆ ತಿಳಿಗೆಂಪು ಬಣ್ಣ ಹಚ್ಚಿದ್ದಳು. ರಾಜಧಾನಿಯಿಂದ ನಮ್ಮ ಚಿಲೋಯೆ ದ್ವೀಪಕ್ಕೆ ಬಂದು ಮೂರು ತಿಂಗಳಾಗಿತ್ತಂತೆ. ಎತ್ತಿನ ಹತ್ತಿರ ಒಂದು ದಿನವೂ ಸುಳಿದವಳಲ್ಲ ಅಂತ ಆ ಕೈ ನೋಡಿದ ತಕ್ಷಣ ನನಗೆ ಗೊತ್ತಾಯಿತು. ಆದರೂ ಪಾಪ, ಒಳ್ಳೆಯ ಹುಡುಗಿ. ನಮ್ಮ ಮೂವತ್ತೊಂದು ವರ್ಷದ ಸಂಸಾರವನ್ನು ಒಂದೇ ಬೆಳಗ್ಗೆಯಲ್ಲಿ ಮೂರು ಗುಡ್ಡೆ ಮಾಡಿ ಹಾಕಿದಳು. ಮದುವೆಗೆ ಮುಂಚೆಯೇ ಅವನದಾಗಿದ್ದದ್ದು ಅವನಿಗೆ. ನನ್ನದಾಗಿದ್ದದ್ದು ನನಗೆ. ಮದುವೆಯಾದ ಮೇಲೆ ಮಾಡಿಕೊಂಡದ್ದು ಅರ್ಧರ್ಧ.

"ನೆಲ ಯಾರದು?" ಅಂದಳು.

"ನಮ್ಮಪ್ಪ ನನಗೆ ಬಿಟ್ಟುಹೋದದ್ದು," ಅಂದೆ.

"ಮನೆ?"

"ನನ್ನ ತಾತ ಕಟ್ಟಿದ್ದು," ಅಂದ ಬೆಲಿಸಾರಿಯೊ. ನನ್ನ ಗಂಡ. ಅಂದರೆ ಇನ್ನೊಂದು ಗಂಟೆಯ ಮಟ್ಟಿಗೆ ಗಂಡ.

ಹುಡುಗಿ ಕನ್ನಡಕ ಮೇಲೆತ್ತಿದಳು. "ನಿಮ್ಮ ತಾತ ಇವರಪ್ಪನ ನೆಲದಲ್ಲಿ ಯಾಕೆ ಮನೆ ಕಟ್ಟಿದರು?"

"ಅಲ್ಲಿ ಕಟ್ಟಿದ್ದಲ್ಲ ತಾಯೀ. ಕೊಲ್ಲಿಯ ಆಚೆ ದಡದಲ್ಲಿ ಕಟ್ಟಿದ್ದು. ನಮ್ಮ ಮದುವೆಯಾದಾಗ ಈಚೆಗೆ ಎಳೆದುಕೊಂಡು ಬಂದ್ವಿ."

"ಮನೇನಾ?"

"ಮನೇನೇ. ಎತ್ತು ಕಟ್ಟಿ ಎಳೆದ್ವಿ."

ಹುಡುಗಿ ಗುಮಾಸ್ತನ ಮುಖ ನೋಡಿದಳು. ಗುಮಾಸ್ತ ನಮ್ಮ ಕಡೆಯವನು. ಅದರಲ್ಲೇನು ವಿಶೇಷ ಅನ್ನುವ ಹಾಗೆ ತಲೆಯಾಡಿಸಿದ. ಮನೆ ಅವನಿಗೆ, ನೆಲ ನನಗೆ ಅಂತ ಬರೆಸಿದಳು. ಅಲ್ಲಿಯವರೆಗೂ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು.

ಎಡವಟ್ಟಾದದ್ದು ಅಡುಗೆಮನೆಯಲ್ಲಿ.

ಅಡುಗೆಮನೆ ನಾನು ಕಟ್ಟಿಸಿದ್ದು. ಬೆಲಿಸಾರಿಯೊ ದಕ್ಷಿಣಕ್ಕೆ ಕುರಿ ಉಣ್ಣೆ ಕತ್ತರಿಸೋ ಕೆಲಸಕ್ಕೆ ಹೋದ ಎರಡು ಸಲ ಕೂತು ಹೆಣೆದು, ಸ್ವೆಟರು ಮಾರಿ, ಒಂದೊಂದು ಹಲಗೆಯನ್ನೂ ನಾನೇ ಆರಿಸಿ ತಂದು ಮನೆಯ ಬೆನ್ನಿಗೆ ಅಂಟಿಸಿದ್ದು. ಅದಕ್ಕೆ ತನ್ನದೇ ಮಾಡು, ತನ್ನದೇ ಬಾಗಿಲು, ಮಧ್ಯದಲ್ಲಿ ಕಬ್ಬಿಣದ ಸೌದೆ ಒಲೆ, ಒಲೆ ಪಕ್ಕ ಮಲಗೋ ಅಷ್ಟು ಅಗಲದ ಬೆಂಚು. ನಾನು ಉಣ್ಣೋದು, ಹೆಣೆಯೋದು, ನಗೋದು, ಮುನಿಸಿಕೊಳ್ಳೋದು ಎಲ್ಲ ಅಲ್ಲೇ. ಮನೆ ಹೋದರೆ ಹೋಗಲಿ. ಅಡುಗೆಮನೆಯೂ ಹೋದರೆ ನನಗೆ ಉಳಿಯೋದು ಆಕಾಶ, ಇಲ್ಲಾ ಪಟ್ಟಣದಲ್ಲಿ ಮಗಳ ಸೋಫಾ.

"ಮನೆಗೆ ಅಂಟಿಕೊಂಡದ್ದು ಮನೆಯ ಜೊತೆ ಹೋಗುತ್ತೆ ಅಮ್ಮಾ," ಅಂದಳು ಹುಡುಗಿ, ನಿಜವಾಗಿಯೂ ಬೇಜಾರಾಗಿ. "ಅದರ ಬದಲು ತಿಂಗಳು ತಿಂಗಳು ಜೀವನಾಂಶ ಅಂತ ಬರೆಯಲಾ?"

"ಜೀವನಾಂಶದ ಮೇಲೆ ಕೆಟಲಿಡೋಕಾಗುತ್ತಾ?"

ಗುಮಾಸ್ತ ಕೆಮ್ಮಿ ನಗು ಮುಚ್ಚಿಕೊಂಡ.

"ಹಾಗಾದರೆ ಅವರನ್ನೇ ಕೇಳಿ. ಅವರು ಒಪ್ಪಿ ಬಿಟ್ಟುಕೊಟ್ಟರೆ ನನ್ನದೇನೂ ಅಡ್ಡಿಯಿಲ್ಲ. ಒಂದು ಮಾತು ಕೇಳಿದರೆ ಮುಗೀತು."

ಬೆಲಿಸಾರಿಯೊ ಟೋಪಿ ತಿರುಗಿಸುತ್ತಾ ನೆಲ ನೋಡುತ್ತಿದ್ದ. ಕೇಳಲಿ ಅಂತ ಕಾಯುತ್ತಿದ್ದ, ಕಳ್ಳ. ನಾನು ಕಿಟಕಿ ನೋಡಿದೆ.

"ಕೇಳಲ್ಲ," ಅಂದೆ.

ಈಗ ನಿಮಗೆ ನಾವು ಬೇರೆಯಾದದ್ದು ಯಾಕೆ ಅಂತ ಹೇಳಬೇಕು. ಬೆಲಿಸಾರಿಯೊ ಕುಡುಕನಲ್ಲ, ಹೊಡೆಯೋನಲ್ಲ, ಹೆಂಗಸರ ಹುಚ್ಚಿನವನಲ್ಲ. ಕೇಳೋನಲ್ಲ, ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ಬಾಯಿಬಿಟ್ಟು "ಇದು ಮಾಡ್ತೀಯಾ, ಅದು ಆಗುತ್ತಾ" ಅಂದವನಲ್ಲ. ಚಹಾ ಬೇಕಾದರೆ ಖಾಲಿ ಲೋಟ ಎತ್ತಿ ಹಿಡಿದು ಕೂತಿರೋನು. ಹನ್ನೆರಡು ಜನ ಗೆಳೆಯರನ್ನು ಊಟಕ್ಕೆ ಕರೆತಂದು ಬಾಗಿಲಲ್ಲಿ ನಿಲ್ಲಿಸೋನು. ಕಡೇ ಸಲ ಎಂಟು ತಿಂಗಳು ದಕ್ಷಿಣಕ್ಕೆ ಹೊರಟದ್ದು ನನಗೆ ಗೊತ್ತಾಗಿದ್ದು ಅಂಗಡಿಯವನ ಬಾಯಿಂದ! ಅವನು ಕೇಳಲ್ಲ ಅಂತ ಮದುವೆಯಾದ ನಾಲ್ಕನೇ ವರ್ಷದಿಂದ ನಾನೂ ಕೇಳೋದು ಬಿಟ್ಟೆ. ನನ್ನ ಕೋಪವೂ ಮೂಗಿನ ತುದಿಯಲ್ಲೇ ಇರುತ್ತೆ, ಸುಳ್ಳು ಯಾಕೆ ಹೇಳಲಿ. ಇಪ್ಪತ್ತೇಳು ವರ್ಷ ಇಬ್ಬರೂ ಒಬ್ಬರ ಬಾಯಿ ಒಬ್ಬರು ಕಾಯುತ್ತಾ ಕೂತೆವು. ಕೊನೆಗೆ ಅವನು ಹಾಸಿಗೆ ಸುತ್ತಿಕೊಂಡು ದೋಣಿಯ ಕೊಟ್ಟಿಗೆಗೆ ಹೋದ. ಒಂದು ವರ್ಷ ಅಲ್ಲೇ ಮಲಗಿದ. ಹೋಗ್ತೀನಿ ಅಂತ ಅದನ್ನೂ ಹೇಳಲಿಲ್ಲ.

ಕೊನೆಯಲ್ಲಿ ಉಳಿದದ್ದು ಜೋಡೆತ್ತು. ಲುಸೇರೊ, ಕ್ಲಾವೆಲ್. ಒಂದೇ ವರ್ಷ ಹುಟ್ಟಿ, ಒಂದೇ ನೊಗಕ್ಕೆ ಪಳಗಿದವು.

"ಮದುವೆಯಾದ ಮೇಲೆ ಬಂದವು. ಎರಡಿವೆ. ಒಬ್ಬರಿಗೊಂದು," ಅಂತ ಹುಡುಗಿ ಖುಷಿಯಾಗಿ ಮುಗಿಸಿದಳು. ಗುಮಾಸ್ತ ಬಾಯಿ ತೆರೆದ, ಮುಚ್ಚಿಕೊಂಡ. ಜೋಡಿ ಒಡೆದ ಎತ್ತು ಏನಾಗುತ್ತೆ ಅಂತ ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು, ಮೂವರೂ ಬಾಯಿ ಬಿಡಲಿಲ್ಲ. ನನಗೆ ನಗು ತಡೆಯಲಾಗದೆ ಕರವಸ್ತ್ರ ಕಚ್ಚಿಕೊಂಡೆ. ಹುಡುಗಿ ಅಳು ಅಂದುಕೊಂಡು ನೀರು ಕೊಟ್ಟಳು.

ಮನೆ ಎಳೆಯೋದಕ್ಕೆ ನಮ್ಮಲ್ಲಿ ಕೂಲಿಯವರಿಲ್ಲ. ಮಿಂಗಾ ಕರೆಯಬೇಕು, ಅಂದರೆ ಊರೇ ಬರಬೇಕು. ಊರು ಸುಮ್ಮನೆ ಬರಲ್ಲ. ಮನೆಯವನು ಪ್ರತಿ ಬಾಗಿಲಿಗೂ ಹೋಗಿ, ಹೊಸಿಲ ಆಚೆ ನಿಂತು, ಟೋಪಿ ತೆಗೆದು, ಪೂರ್ತಿ ಹೆಸರು ಹಿಡಿದು ಕರೆದು ಮೊರೆ ಇಡಬೇಕು: ಇಂಥ ದಿನ ಇಂಥ ಕೆಲಸ, ದಯವಿಟ್ಟು ಬನ್ನಿ ಅಂತ. ಹಾಗೆ ಕೇಳಿದ ಮೇಲೆ ಇಲ್ಲ ಅನ್ನೋ ಹಾಗಿಲ್ಲ, ಬದ್ಧವೈರಿಯಾದರೂ ಸರಿ. ಬಂದವರಿಗೆಲ್ಲ ಅವನು ಹೊಟ್ಟೆ ತುಂಬಾ ಊಟ ಹಾಕಬೇಕು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ ಒಂದೊಂದು ದಿನ ದುಡಿದು ತೀರಿಸಬೇಕು.

ಹೆಂಡತಿಯನ್ನೇ ಚಹಾ ಕೇಳದವನು ಇಡೀ ಊರನ್ನು ಕೇಳಬೇಕು! ನನಗಂತೂ ಆ ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೇಳಿದ. ಮುಖ ಬೀಟ್‌ರೂಟ್ ಹಾಗೆ ಮಾಡಿಕೊಂಡು ಕೇಳಿದನಂತೆ. ಅವನ ಅಕ್ಕ ಗ್ರಿಸೆಲ್ದಾ ದಿನವೂ ನನ್ನ ಒಲೆ ಪಕ್ಕ ಕೂತು ಸುದ್ದಿ ಕೊಡೋಳು. ಅತ್ತಿಗೆ ಅಂದರೆ ಹಾಗಿರಬೇಕು, ತಮ್ಮನ ಮಾನ ತೆಗೆಯೋದರಲ್ಲಿ ನನಗಿಂತ ಮುಂದು.

"ಇವತ್ತು ಪೊಲಿಕಾರ್ಪೊ ಮನೆಗೆ ಹೋಗಿದ್ದ ಕಣೇ. ಹೊಸಿಲಲ್ಲಿ ಕಾಲು ಗಂಟೆ ನಿಂತನಂತೆ, ಮಾತೇ ಹೊರಡಲ್ಲ. ಪೊಲಿಕಾರ್ಪೊ ಹೆಂಡತಿ ಯಾರೋ ಸತ್ತಿರಬೇಕು ಅಂತ ಶಿಲುಬೆ ಗುರುತು ಹಾಕಿಕೊಂಡಳಂತೆ!"

"ಇನ್ನೆಷ್ಟು ಮನೆ ಉಳೀತು?"

"ಒಂದೇ." ಗ್ರಿಸೆಲ್ದಾ ನನ್ನ ಕಡೆ ಕಣ್ಣು ಹೊಡೆದಳು.

ಊರಿನಲ್ಲಿ ಇದ್ದದ್ದು ಹತ್ತು ಜೊತೆ ಎತ್ತು. ಎಲ್ಲದಕ್ಕಿಂತ ಮುಂದೆ ನಿಂತು ದಾರಿ ಹಿಡಿಯೋ ಜೋಡಿ ನಮ್ಮದು. ಉಳಿದ ಎತ್ತುಗಳಿಗೆ ಅವುಗಳ ಬಾಲ ನೋಡಿಕೊಂಡು ನಡೆದೇ ಅಭ್ಯಾಸ. ಆ ಜೋಡಿಯ ಅರ್ಧ ನನ್ನ ಅಂಗಳದಲ್ಲಿ ಹುಲ್ಲು ಮೇಯುತ್ತಿತ್ತು. ನಾನು ದಿನವೂ ತಲೆ ಬಾಚಿ, ಒಳ್ಳೆಯ ಸ್ಕರ್ಟು ಉಟ್ಟು, ಹೆಣಿಗೆ ಹಿಡಿದು ಬಾಗಿಲ ಕಡೆ ಮುಖ ಮಾಡಿ ಕೂತೆ. ಅವನು ಬರಲಿಲ್ಲ.

"ನೀನಾದರೂ ಕೇಳೇ ಮಾರಾಯ್ತೀ," ಅಂದಳು ಗ್ರಿಸೆಲ್ದಾ. "ಅಡುಗೆಮನೆ ಬಿಡು ಅಂದರೆ ಬಿಡ್ತಾನೆ. ಒಂದು ಮಾತು."

"ಅವನು ಕೇಳಲಿ."

"ಇಬ್ಬರೂ ಎತ್ತುಗಳೇ ಬಿಡು," ಅಂತ ಎದ್ದುಹೋದಳು.

ಮಿಂಗಾ ದಿನ ಬೆಳಗ್ಗೆ ಬಿಸಿಲು ಬಂತು. ನಮ್ಮಲ್ಲಿ ಅದು ಪವಾಡಕ್ಕೆ ಕಡಿಮೆಯೇನಲ್ಲ. ಊರೆಲ್ಲ ಬಂದಿತ್ತು. ಮನೆಯ ಕೆಳಗೆ ಮರದ ದಿಮ್ಮಿ ಇಟ್ಟು, ಅಡಿಪಾಯದ ಕಂಬಗಳಿಂದ ಬಿಡಿಸಿ, ಹಗ್ಗ ಕಟ್ಟಿದ್ದರು. ಅಡುಗೆಮನೆಯೂ ಬೆನ್ನಿಗೆ ಅಂಟಿಕೊಂಡೇ ಹೊರಡೋಕೆ ತಯಾರಾಗಿ ನಿಂತಿತ್ತು. ನಾನು ಒಳಗೆ ನನ್ನ ಬೆಂಚಿನ ಮೇಲೆ ಕೂತಿದ್ದೆ. ಸಮುದ್ರ ಇಳಿಯುತ್ತಿತ್ತು. ಇಳಿತದ ಮೂರು ಗಂಟೆಯೊಳಗೆ ಮನೆ ಒದ್ದೆ ಮರಳು ದಾಟಿ ಆಚೆ ದಡದ ಅವನ ಜಾಗಕ್ಕೆ ಏರಬೇಕು. ಇಲ್ಲದಿದ್ದರೆ ಉಬ್ಬರ ಬಂದು ಮನೆ ದೋಣಿಯಾಗುತ್ತೆ.

ಮೇಸ್ತ್ರಿ ಪೊಲಿಕಾರ್ಪೊ, ಎಪ್ಪತ್ತೆಂಟರ ಮುದುಕ, ಮನೆ ಮುಂದೆ ನಿಂತು ಕೂಗಿದ: "ಮುಂದಿನ ಜೋಡಿ ಎಲ್ಲಿ?"

ಬೆಲಿಸಾರಿಯೊ ಕ್ಲಾವೆಲ್‌ನನ್ನು ಹಿಡಿದು ಬಂದ. ಪಕ್ಕಕ್ಕೆ ಯಾರಿಂದಲೋ ತಂದ ಬಿಳಿ ಎತ್ತು. ನೊಗ ಇಟ್ಟರು. ಕ್ಲಾವೆಲ್ ಆ ಬಿಳಿ ಎತ್ತನ್ನು ಮೇಲಿಂದ ಕೆಳಗೆ ನೋಡಿತು, ಮೂಸಿತು, ನಿಟ್ಟುಸಿರು ಬಿಟ್ಟು ನೆಲದ ಮೇಲೆ ಮಲಗಿಬಿಟ್ಟಿತು. ಬಾಲ ಹಿಡಿದರು, ಕೂಗಿದರು, ಸೇಬಿನ ಮದ್ಯ ಕುಡಿಸಿದರು. ಮದ್ಯ ಕುಡಿಯಿತು. ಆದರೆ ಜಪ್ಪಯ್ಯ ಅಂದರೂ ಏಳಲಿಲ್ಲ.

ಅಂಗಳದಿಂದ ಲುಸೇರೊ ಒಮ್ಮೆ ಅಂಬಾ ಅಂದಿತು. ಮಲಗಿದ್ದಲ್ಲಿಂದಲೇ ಕ್ಲಾವೆಲ್ ಉತ್ತರ ಕೊಟ್ಟಿತು. ಎಲ್ಲರ ತಲೆಯೂ ಒಟ್ಟಿಗೆ ಬೆಲಿಸಾರಿಯೊ ಕಡೆ ತಿರುಗಿತು.

"ಎಲ್ಲರ ಮನೆಗೂ ಹೋಗಿ ಕೇಳಿದೆಯೇನಯ್ಯಾ?" ಅಂದ ಪೊಲಿಕಾರ್ಪೊ, ಏನೂ ಗೊತ್ತಿಲ್ಲದವನ ಹಾಗೆ.

"ಒಂದು ಬಿಟ್ಟು."

"ಹೋಗು ಮತ್ತೆ. ಸಮುದ್ರ ನಿನ್ನ ಮಾವನ ಮನೇದಲ್ಲ, ಕಾಯೋದಿಲ್ಲ."

ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ. ಬೆಲಿಸಾರಿಯೊ ಮನೆ ಕಡೆ ಬರಲಿಲ್ಲ. ಬೇಲಿ ದಾಟಿ ರಸ್ತೆಗೆ ಹೋದ. ಓಡಿಹೋದ ಅಂದುಕೊಂಡೆ. ಆಮೇಲೆ ನೋಡಿದರೆ ಅಲ್ಲೇ ತಿರುಗಿ ನಿಂತು ಅಂಗಿ ಸರಿಮಾಡಿಕೊಂಡು, ಅಪರಿಚಿತನ ಹಾಗೆ ಗೇಟು ತೆಗೆದು, ನಡೆದು ಬಂದು, ನನ್ನ ಅಡುಗೆಮನೆ ಬಾಗಿಲು ತಟ್ಟಿದ. ತನ್ನದೇ ಮನೆಯ ಬಾಗಿಲು! ನಗು ತಡೆಯೋಕೆ ಗ್ರಿಸೆಲ್ದಾ ಏಪ್ರನ್ನೇ ಬಾಯಿಗೆ ತುರುಕಿಕೊಂಡಳು.

ಬಾಗಿಲು ತೆಗೆದೆ. ಹೊಸಿಲ ಆಚೆ ನಿಂತಿದ್ದ. ಟೋಪಿ ತೆಗೆದ. ಕೂದಲು ಎಷ್ಟು ತೆಳ್ಳಗಾಗಿದೆ ಅಂತ ಅವತ್ತೇ ಗಮನಿಸಿದ್ದು.

"ಒರ್ಫೆಲೀನಾ ನಾವೆಲ್ಕಿನ್ ಅಮ್ಮನವರೇ," ಅಂದ. "ಇವತ್ತು ನನ್ನ ಮನೆ ಎಳೆಯೋದಿದೆ. ನಿಮ್ಮ ಎತ್ತನ್ನು ಕರಕೊಂಡು ಬಂದು ನನಗೆ ಸಹಾಯ ಮಾಡಬೇಕು ಅಂತ ಮೊರೆ ಇಡ್ತಿದೀನಿ. ಆಗುತ್ತಾ?"

ಆಗುತ್ತಾ! ಮೂವತ್ತೊಂದು ವರ್ಷಕ್ಕೆ ಒಂದು ಆಗುತ್ತಾ. ಬಾಗಿಲ ಚೌಕಟ್ಟು ಹಿಡಿದುಕೊಂಡೆ, ಇಲ್ಲದಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದೆ.

"ಬರ್ತೀನಿ," ಅಂದೆ. "ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋ ವಂಶ ನಮ್ಮದಲ್ಲ."

ಊರು ಹೋ ಅಂತ ಕೂಗಿತು. ಆದರೆ ಬೆಲಿಸಾರಿಯೊ ಅಲ್ಲಾಡಲಿಲ್ಲ. ಟೋಪಿ ಹಾಕಿಕೊಳ್ಳಲೂ ಇಲ್ಲ.

"ಇನ್ನೇನು?" ಅಂದೆ.

"ನೀನೂ ಕೇಳು," ಅಂದ, ನನಗೊಬ್ಬಳಿಗೇ ಕೇಳುವ ಹಾಗೆ. "ಕೇಳಿದರೆ ಇಲ್ಲ ಅನ್ನಲ್ಲ. ನೀನೂ ಒಂದು ಸಲ ಕೇಳು, ಒರ್ಫೇ."

ಅಯ್ಯೋ ದೇವರೇ, ಆಗ ನೋಡಿ ನನಗೆ ಗೊತ್ತಾಯಿತು. ಕಾಲು ಗಂಟೆ ಹೊಸಿಲಲ್ಲಿ ನಿಂತವನನ್ನು ನೆನೆಸಿಕೊಂಡು ವಾರವಿಡೀ ನಕ್ಕಿದ್ದೆ. ಈಗ ನನ್ನ ಸರದಿ ಬಂದಾಗ ಒಂದು ಅಕ್ಷರ ಹೊರಡದು. ಇಲ್ಲ ಅಂದುಬಿಟ್ಟರೆ ಅನ್ನೋ ಭಯ ಅದು, ಬೇರೇನೂ ಅಲ್ಲ. ಅವನಿಗೂ ಇಷ್ಟು ವರ್ಷ ಅದೇ ಭಯವಿತ್ತೇನೋ, ಪೆದ್ದ.

"ಹಾಗಾದರೆ ಸರಿಯಾಗೇ ಆಗಲಿ," ಅಂದೆ. "ನೀನು ಒಳಗೆ ಹೋಗು. ಮನೆ ನಿನ್ನದು, ನಾನು ಹೊರಗಿನವಳು."

"ಉಬ್ಬರ!" ಅಂತ ಅರಚಿದ ಪೊಲಿಕಾರ್ಪೊ.

"ಇರಯ್ಯಾ, ಮೂವತ್ತು ವರ್ಷ ಕಾದಿದ್ದೀವಿ!" ಅಂತ ಗ್ರಿಸೆಲ್ದಾ ಅವನಿಗಿಂತ ಜೋರಾಗಿ ಅರಚಿದಳು.

ಬೆಲಿಸಾರಿಯೊ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಗೇಟಿನವರೆಗೂ ಹೋಗಿ ತಿರುಗಿ ಬಂದೆ. ನನಗೆ ಟೋಪಿಯಿಲ್ಲ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದೆ. ತಟ್ಟಿದೆ.

"ಯಾರು?" ಅಂತ ಒಳಗಿಂದ ಕೇಳಿತು ದನಿ. ಅವನಿಗೂ ಹುಚ್ಚು ಹಿಡಿದಿತ್ತು ನೋಡಿ! ಜನ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು.

"ಬೆಲಿಸಾರಿಯೊ ಬಾರ್ರಿಯಾ ಅವರೇ," ಅಂದೆ. ನಗುತ್ತಾ ಶುರುಮಾಡಿದ್ದು, ಮಧ್ಯದಲ್ಲಿ ನಗು ನಿಂತುಹೋಯಿತು. "ನಿಮ್ಮ ಮನೆ ಹಿಂದೆ ಒಂದು ಅಡುಗೆಮನೆ ಇದೆ. ಅದರ ಒಂದೊಂದು ಹಲಗೆಯೂ ನನ್ನ ಕೈಯಲ್ಲಿ ಬಂದದ್ದು. ನನಗೆ ಬೇರೆ ಸೂರಿಲ್ಲ. ಅದನ್ನು ನನಗೆ ಬಿಟ್ಟುಕೊಡಬೇಕು ಅಂತ ಮೊರೆ ಇಡ್ತಿದೀನಿ."

ಬಾಗಿಲು ತೆರೆಯಿತು. ಬೆಲಿಸಾರಿಯೊ ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿಂದ ಊರಿಗೆ ಕೂಗಿ ಹೇಳಿದ: "ಯಾರಾದರೂ ಗರಗಸ ತನ್ರೋ!"

ಯಂತ್ರದ ಗರಗಸ ಗುರ್ರ್ ಅಂತು. ಮನೆಯ ಬೆನ್ನು ಮತ್ತು ನನ್ನ ಅಡುಗೆಮನೆಯ ಎದೆ ಕೂಡುವ ಕಡೆ ಮೇಲಿಂದ ಕೆಳಗೆ ಕತ್ತರಿಸಿದರು. ಮಧ್ಯದ ಗೋಡೆ ತಾತ ಕಟ್ಟಿದ್ದು, ಹಳೆಯದು. ಅದರ ಅರ್ಧ ಕಿತ್ತುಕೊಂಡು ಬಿತ್ತು, ಅರ್ಧ ಚೂರಾಯಿತು. ಹಾಗಾಗಿ ನನ್ನ ಅಡುಗೆಮನೆಗೆ ಮೂರು ಗೋಡೆ, ಅವನ ಮನೆಗೂ ಮೂರೇ ಗೋಡೆ. ಗಂಡ ಹೆಂಡತಿಗೆ ಸಮಪಾಲು ಅಂದರೆ ಇದು. ನ್ಯಾಯಾಧೀಶೆ ನೋಡಬೇಕಿತ್ತು.

ಲುಸೇರೊ ಬಂದ ತಕ್ಷಣ ಕ್ಲಾವೆಲ್ ಎದ್ದು ನಿಂತಿತು. ಕತ್ತು ನೊಗಕ್ಕೆ ತಾನೇ ಕೊಟ್ಟಿತು. ನಾನು ಕೋಲು ಹಿಡಿದು ಮುಂದೆ ನಡೆದೆ. ಆ ಜೋಡಿ ನನ್ನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಲ್ಲ. ಹತ್ತು ನೊಗ, ನಲವತ್ತು ಜನ, ಹಿಂದೆ ಕಿರುಗುಟ್ಟುತ್ತಾ ಮನೆ! ಇಳಿಜಾರಿನಲ್ಲಿ ಮನೆಗೇ ಆತುರ ಬಂದು ನಮ್ಮನ್ನು ಅಟ್ಟಿಸಿಕೊಂಡು ಬಂತು. ಮರಳಿನ ಮೇಲೆ ಓಡಿದೆವು. ಹಿಂದಿನ ತೂತಿನಿಂದ ಒಳಗೆ ಹಗ್ಗಕ್ಕೆ ನೇತುಹಾಕಿದ್ದ ಬೆಲಿಸಾರಿಯೊನ ಉದ್ದನೆಯ ಒಳಚಡ್ಡಿ ಬಾವುಟದ ಹಾಗೆ ಹಾರಾಡುತ್ತಿತ್ತು. ಹೆಂಗಸರೆಲ್ಲ ಅದಕ್ಕೆ ಸೆಲ್ಯೂಟು ಹೊಡೆದರು. ಮದುವೆಯ ವಾರ ಇದೇ ಮನೆ ಈಚೆಗೆ ಬರುವಾಗ ನಾನು ಒಳಗೆ ಕಿಟಕಿಯಲ್ಲಿ ನಿಂತು ಕೈಬೀಸಿದ್ದೆ. ಈಗ ಮುಂದೆ ಓಡುತ್ತಿದ್ದೆ. ಇದೇ ಜಾಸ್ತಿ ಚೆನ್ನಾಗಿತ್ತು, ನಿಜವಾಗಿಯೂ.

ಆಚೆ ದಡ ಏರೋ ಹೊತ್ತಿಗೆ ನೀರು ಹಿಂದಿನ ದಿಮ್ಮಿಗೆ ತಾಗಿತ್ತು. ಮನೆಯನ್ನು ತಿರುಗಿಸಿ ಕೂರಿಸೋಕೆ ಪುರುಸೊತ್ತಾಗಲಿಲ್ಲ. ಬಂದ ಹಾಗೇ ನಿಂತಿತು, ಮುಂಬಾಗಿಲು ಗುಡ್ಡದ ಕಡೆ, ತೂತು ನನ್ನ ಕಡೆ.

ಊಟದ ಹೊತ್ತಿಗೆ ಇನ್ನೊಂದು ತಮಾಷೆ. ಊಟ ಹಾಕಬೇಕಾದವನು ಬೆಲಿಸಾರಿಯೊ, ಒಲೆಯಿರೋದು ನನ್ನ ಹತ್ತಿರ. ಸುತ್ತುದಾರಿ ನಡೆದು ಎಲ್ಲರೂ ನನ್ನ ಮೂರು ಗೋಡೆಗೆ ಬಂದರು. ಹೊರಗೆ ಗುಂಡಿ ತೋಡಿ ಕಲ್ಲು ಕಾಯಿಸಿ ಚಿಪ್ಪುಮೀನು, ಹಂದಿ ಮಾಂಸ, ಆಲೂಗಡ್ಡೆ ರೊಟ್ಟಿ ಎಲ್ಲ ಎಲೆ ಮುಚ್ಚಿ ಬೇಯಿಸಿದೆವು. ಪೊಲಿಕಾರ್ಪೊ ಅಕಾರ್ಡಿಯನ್ ತೆಗೆದ. ಗೋಡೆಯಿಲ್ಲದ ಕಡೆಯಿಂದ ಸಮುದ್ರ ಕಾಣುತ್ತಿತ್ತು. ಮೂವತ್ತೊಂದು ವರ್ಷ ಆ ಮನೆ ನನಗೆ ಸಮುದ್ರವನ್ನು ಮುಚ್ಚಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಮಾರನೇ ದಿನ ಬೆಳಗ್ಗೆಯೇ ಬೆಲಿಸಾರಿಯೊ ಹಲಗೆ, ಸುತ್ತಿಗೆ ಹೊತ್ತುಕೊಂಡು ಬಂದ. ದಿನ ತೀರಿಸೋದಿತ್ತಲ್ಲ, ಮೊದಲು ನನ್ನದಂತೆ. ಗ್ರಿಸೆಲ್ದಾ ಆಗಲೇ ಹಾಜರಿದ್ದಳು. ಗೋಡೆ ಎಬ್ಬಿಸೋಕೆ ಶುರುಮಾಡಿ ಅವನು ನಿಂತ.

"ಇಲ್ಲಿ ಕಿಟಕಿ ಇಡಲಾ, ಬಾಗಿಲಿಡಲಾ?" ಅಂದ.

ಗ್ರಿಸೆಲ್ದಾ ಕೈಯಲ್ಲಿದ್ದ ಲೋಟ ಬೀಳಿಸಿದಳು.

"ಕಿಟಕಿ," ಅಂದೆ. "ದೊಡ್ಡದು."

ಸಂಜೆಯೊಳಗೆ ಮುಗಿಸಿದ. ದೋಣಿಯ ಹಳೆಯ ಗಾಜು ಕೂರಿಸಿದ. ಚಹಾ ಕುಡಿದ, ಬೇಕಾ ಅಂತ ನಾನು ಕೇಳಿದೆ, ಬೇಕು ಅಂತ ಅವನು ಹೇಳಿದ. ಹೊರಟ. ಹೊಸ ಕಿಟಕಿಯಿಂದ ನೋಡಿದೆ. ಆಚೆ ದಡದಲ್ಲಿ ಅವನ ಮನೆ, ತೂತು ತೆರೆದುಕೊಂಡು, ಒಳಗೆ ಮಂಚ, ಕುರ್ಚಿ, ದೀಪ ಎಲ್ಲ ನನ್ನ ಕಣ್ಣಿಗೆ ನೇರ. ಅವನು ಹೋಗಿ ಆ ಕುರ್ಚಿಯ ಮೇಲೆ ಕೂತ. ಕಂಬಳಿ ಹೊದ್ದುಕೊಂಡ. ಹನಿ ಶುರುವಾಗುತ್ತಿತ್ತು. ಕುರ್ಚಿಯನ್ನು ಸ್ವಲ್ಪ ಒಳಗೆ ಎಳೆದುಕೊಂಡ. ಎದ್ದ. ಟೋಪಿ ಹಾಕಿಕೊಂಡ.

"ಬರ್ತಿದಾನೆ ಕಣೇ," ಅಂದಳು ಗ್ರಿಸೆಲ್ದಾ. "ಇನ್ನು ನೀನು ಹೋಗಿ ಅವನ ಗೋಡೆ ಕಟ್ಟೋದು, ಅವನು ಬಂದು ಆ ದಿನ ತೀರಿಸೋದು. ಹೀಗೇ ಆದರೆ ಸಾಯೋವರೆಗೂ ನಿಮ್ಮ ಲೆಕ್ಕ ಮುಗಿಯಲ್ಲ."

"ಸುಮ್ಮನಿರೇ," ಅಂದೆ. ಆದರೆ ಕೈ ತಾನಾಗೇ ಕೂದಲು ಸರಿಮಾಡಿಕೊಂಡಿತು.

ತಟ್ಟಿದ. ತೆಗೆದೆ. ಹೊಸಿಲ ಆಚೆ ನಿಂತು ಟೋಪಿ ತೆಗೆದ. ಹೆಸರು ಹಿಡಿದು ಕರೆದ, ಪೂರ್ತಿ ಹೆಸರು. ಹಿಂದಿನ ಗೋಡೆಯೊಂದು ಆಗಬೇಕಿತ್ತು ಅಂದ. ಹೆಂಡತಿಯಾಗಿದ್ದಾಗ ಕರೆಯದೇ ಹೋಗಬೇಕಿತ್ತು, ಹೋಗುತ್ತಿದ್ದೆ, ಒಳಗೊಳಗೇ ಬೈದುಕೊಂಡು.

"ಯಾವತ್ತು ಬರಲಿ?" ಅಂದೆ.

"ನಿಮಗೆ ಯಾವತ್ತು ಅನುಕೂಲವೋ ಅವತ್ತು," ಅಂದ ಬೆಲಿಸಾರಿಯೊ.

ಬಾಗಿಲ ಹಿಂದಿನ ಮೊಳೆಯಿಂದ ಕೋಟು ತೆಗೆದುಕೊಂಡೆ. "ಮಳೆ ಬರ್ತಿದೆ," ಅಂದೆ. "ಈಗಲೇ ಅನುಕೂಲ."